ಹ್ಯಾಂಡಲ್ ಏರಿತು, ವೈರ್ ಏರಲಿಲ್ಲ

ತೀರ್ಥಹಳ್ಳಿಯಿಂದ ಸಾಗರದವರೆಗೆ ಬೈಕಿಗೆ ಎತ್ತರದ ಹ್ಯಾಂಡಲ್ ಹಾಕಿಸುವವರಿಗೆ ಈಗ ಬರವಿಲ್ಲ. ಬೆನ್ನುನೋವಿದ್ದವರು ಬೆನ್ನಿಗೆಂದು ಹಾಕಿಸುತ್ತಾರೆ, ಮದುವೆ ಆಗಬೇಕಾದವರು ಫೋಟೋಕ್ಕೆಂದು. ಹ್ಯಾಂಡಲ್ ಕೂರಿಸುವುದು ನಾಲ್ಕು ಬೋಲ್ಟಿನ ಕೆಲಸ. ಫಜೀತಿ ಶುರುವಾಗುವುದು ಕ್ಲಚ್ ವೈರ್ ಮೇಲೆ ಎಳೆದು ನೋಡಿದಾಗ. ಲಿವರ್‌ಗೆ ಇನ್ನೂ ನಾಲ್ಕು ಬೆರಳು ದೂರ ಇರುವಾಗಲೇ ಅದು ಮುಗಿದುಹೋಗಿರುತ್ತದೆ.

ಆಗ ಎಲ್ಲರ ಕಣ್ಣೂ ಅಡ್ಜಸ್ಟರ್ ಮೇಲೆ, ಅಂದರೆ ವೈರಿನ ಬಿಗಿ-ಸಡಿಲ ಸರಿಮಾಡುವ ತಿರುಪಿನ ಮೇಲೆ. ಅದನ್ನು ಪೂರ್ತಿ ಒಳಕ್ಕೆ ತಿರುಗಿಸಿ, ವೈರನ್ನು ಜಗ್ಗಿ ಜಗ್ಗಿ ಸಿಕ್ಕಿಸಿ, “ಎಂತದೂ ಆಗಲ್ಲ ಮಾರಾಯ್ರೆ, ನೇರ ಇಟ್ರೆ ಸರಿಯಾಗೇ ಇದೆ” ಎನ್ನುವುದು ವಾಡಿಕೆ. ನೇರ ಇಟ್ಟರೆ ಸರಿ, ಒಪ್ಪೋಣ. ಆದರೆ ಮಲೆನಾಡಿನಲ್ಲಿ ನೇರ ಹೋಗುವ ರಸ್ತೆ ಯಾವುದು ಸ್ವಾಮಿ? ಆಗುಂಬೆ ಘಾಟಿಯೊಂದರಲ್ಲೇ 14 ಹೇರ್‌ಪಿನ್ ತಿರುವುಗಳಿವೆ. ಹ್ಯಾಂಡಲ್ ತಿರುಗಿಸಿದಾಗ ಔಟರ್, ಅಂದರೆ ತಂತಿಯ ಹೊರಗಿನ ಕೊಳವೆ, ಸಾಲದೆ ಬಂದರೆ ಅದರ ತುದಿ ಕೂತ ಜಾಗದಿಂದ ಎದ್ದು ಬರುತ್ತದೆ. ಒಳಗಿನ ತಂತಿಗೆ ಇದು ಯಾರೋ ಲಿವರ್ ಹಿಡಿದಂತೆಯೇ ಲೆಕ್ಕ. ಕ್ಲಚ್ ವೈರ್ ಆದರೆ ಘಾಟಿಯ ಬುಡದ ಸೋಮೇಶ್ವರದಿಂದ ಏರುವಾಗ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ; ಪ್ಲೇಟು ಸುಟ್ಟ ವಾಸನೆ ಹಿಂದೆ ಕೂತವರಿಗೆ ಮೊದಲು ಬರುತ್ತದೆ. ಆಕ್ಸಿಲೇಟರ್ ವೈರ್ ಆದರೆ ಇನ್ನೂ ಚಂದ. ಅಂಗಳದಲ್ಲಿ ಗಾಡಿ ತಿರುಗಿಸಲು ಹ್ಯಾಂಡಲ್ ಪೂರ್ತಿ ಹೊರಳಿಸಿದ ಕೂಡಲೇ ರೇಸ್ ತಾನಾಗಿ ಏರಿ, ಸವಾರರು ಸೀದಾ ಗೊಬ್ಬರಗುಂಡಿಯ ಕಡೆ ಸವಾರಿ ಬೆಳೆಸುತ್ತಾರೆ.

ಉದ್ದ ಎಷ್ಟು ಬೇಕು ಎಂಬುದಕ್ಕೆ ಅಂಗಡಿಯ ಸೂತ್ರವೊಂದಿದೆ: ಹ್ಯಾಂಡಲ್ ನಾಲ್ಕಿಂಚು ಏರಿದರೆ ವೈರ್ ನಾಲ್ಕಿಂಚು ಹೆಚ್ಚು. ಕೇಳಲು ಸೊಗಸು. ಆದರೆ ಹೊಸ ಹ್ಯಾಂಡಲ್ ಬರೀ ಮೇಲಕ್ಕೆ ಹೋಗುವುದಿಲ್ಲ, ಅಗಲಕ್ಕೂ ಹೋಗುತ್ತದೆ, ಹಿಂದಕ್ಕೂ ಬರುತ್ತದೆ. 10 ಸೆ.ಮೀ. ಎತ್ತರದ ಜೊತೆ ಹಿಡಿಕೆ ಒಂದೊಂದು ಬದಿಗೆ 5 ಸೆ.ಮೀ. ಸರಿದಿದ್ದರೆ ಬೇಕಾದ ಹೆಚ್ಚುವರಿ 10ರಿಂದ 15ರ ನಡುವೆ ಎಲ್ಲಾದರೂ ಬೀಳಬಹುದು. ಇತ್ತ ಎರಡಿಂಚಿನೊಳಗಿನ ಏರಿಕೆಯಾದರೆ ಎಷ್ಟೋ ಗಾಡಿಗಳಲ್ಲಿ ಹೊಸ ವೈರೇ ಬೇಡ. ಹೆಡ್‌ಲೈಟ್ ಹಿಂದೆ ಸುತ್ತಿ ಬರುತ್ತಿದ್ದ ವೈರನ್ನು ನೇರ ದಾರಿಯಲ್ಲಿ ತಂದರೆ ಸಾಕಾಗುತ್ತದೆ. ಇದನ್ನು ಮೊದಲು ನೋಡಿದರೆ ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ಏನೋ, ಯಾರೂ ಮೊದಲು ನೋಡುವುದಿಲ್ಲ.

ಅಳೆಯಲು ದಾರ ಬೇಡ. ದಾರ ಮೂಲೆ ಕಂಡಲ್ಲೆಲ್ಲ ಒಳದಾರಿ ಹಿಡಿಯುತ್ತದೆ. ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುವ ಹಳೇ ಔಟರ್ ತುಂಡೊಂದನ್ನು ತನ್ನಿ, ಅದು ವೈರ್ ಬಾಗುವಂತೆಯೇ ಬಾಗುತ್ತದೆ. ಹ್ಯಾಂಡಲನ್ನು ನಿಮಗೆ ಬೇಕಾದ ಕೋನದಲ್ಲಿ ಬಿಗಿ ಮಾಡಿ, ಎರಡೂ ತುದಿಯ ಅಡ್ಜಸ್ಟರ್‌ಗಳನ್ನು ಎರಡು ಮೂರು ಸುತ್ತಷ್ಟೇ ಹೊರಗಿಡಿ. ಆ ತುಂಡನ್ನು ಇಂಜಿನ್ ಕಡೆಯಿಂದ ಲಿವರ್‌ವರೆಗೆ ನಿಜವಾದ ದಾರಿಯಲ್ಲೇ ಹಾಯಿಸಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಯಾವ ಕಡೆ ಹೆಚ್ಚು ಬೇಡುತ್ತದೋ ಆ ಅಳತೆಯೇ ಅಳತೆ. ಮುಂದಿನ ಡ್ರಮ್ ಬ್ರೇಕಿನ ವೈರ್ ಚಕ್ರದವರೆಗೂ ಇಳಿಯುವುದರಿಂದ ಅದಕ್ಕೆ ಇನ್ನೊಂದು ಪರೀಕ್ಷೆಯಿದೆ. ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು ಚಕ್ರ ನೇತಾಡುವಂತೆ ಮಾಡಿ ಅಳೆಯಬೇಕು. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಪೂರ್ತಿ ಚಾಚಿದಾಗಲೇ ಅದಕ್ಕೆ ಹೆಚ್ಚು ಉದ್ದ ಬೇಕು.

ಈಗ ಮುಖ್ಯವಾದ ಸಂಗತಿ. ವೈರ್ ಮಾಡಿಸಲು ಹೋದವರು “ತಂತಿ ಇಷ್ಟುದ್ದ” ಎಂದಷ್ಟೇ ಹೇಳಿ ಬರುತ್ತಾರೆ. ಹೇಳಬೇಕಾದದ್ದು ಔಟರ್ ಉದ್ದ. ಅದರ ಜೊತೆಗೆ, ಒಳಗಿನ ತಂತಿ ಔಟರ್‌ಗಿಂತ ಎಷ್ಟು ಹೆಚ್ಚಿದೆ ಎಂಬುದು. ಆ ವ್ಯತ್ಯಾಸ ಒಂದಿಷ್ಟೂ ಬದಲಾಗಕೂಡದು. ಹಳೇ ಔಟರ್ 95 ಸೆ.ಮೀ., ತಂತಿ 105 ಸೆ.ಮೀ. ಇದ್ದರೆ ವ್ಯತ್ಯಾಸ 10. ಹೊಸ ಔಟರ್ 107 ಬೇಕಾದರೆ ತಂತಿ 117, ಅಷ್ಟೇ. ಹಳೇ ಔಟರ್ ಒಳಗೆ ಉದ್ದದ ತಂತಿ ತೂರಿಸಿದರೆ ಸಿಗುವುದು ಎತ್ತರವಲ್ಲ, ಸಡಿಲ. ಲಿವರ್ ಹಿಡಿಕೆಗೆ ತಾಗಿದರೂ ಕ್ಲಚ್ಚಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ತಂತಿಯ ತುದಿಯಲ್ಲಿ ಲಿವರ್‌ಗೆ ಸಿಕ್ಕಿಸುವ ಲೋಹದ ಗುಂಡು, ಅಂದರೆ ನಿಪ್ಪಲ್, ಅದರೊಳಗೆ ಎಳೆಗಳನ್ನು ಅರಳಿಸಿಯೇ ಬೆಸುಗೆ ಹಾಕಿಸಿ. ಸ್ಕ್ರೂ ಬಿಗಿಯುವ ನಿಪ್ಪಲ್ ಇರುವುದು ಹೇಗೋ ಮನೆ ಮುಟ್ಟಿಕೊಳ್ಳಲು. ಬ್ರೇಕಿಗಂತೂ ಅದು ಬೇಡವೇ ಬೇಡ.

“ಇರಲಿ ಬಿಡಿ, ಒಂದಡಿ ಜಾಸ್ತಿನೇ ಇಡಿ” ಎನ್ನುವ ಉದಾರಿಗಳೂ ಇದ್ದಾರೆ. ಹೆಚ್ಚಾದ ವೈರ್ ಹೆಡ್‌ಲೈಟ್ ಮುಂದೆ ಜೋತುಬಿದ್ದು ಶಾವಿಗೆಯಾಗುತ್ತದೆ. ಬಾಗು ಹೆಚ್ಚಿದಷ್ಟೂ ಒಳಗೆ ಉಜ್ಜಾಟ ಹೆಚ್ಚು, ಕ್ಲಚ್ ಗಟ್ಟಿ. ಅದಕ್ಕಿಂತ ದೊಡ್ಡ ಪೀಡೆ ಮಳೆ. ಜೋತುಬಿದ್ದ ಕಡೆ ನೀರು ನಿಲ್ಲುತ್ತದೆ. ಆಷಾಢದ ಜಡಿಮಳೆಯಲ್ಲಿ ಮೇಲ್ತುದಿಯಿಂದ ಇಳಿದ ನೀರು ಅಲ್ಲೇ ಕೂತು ತುಕ್ಕು ಹಿಡಿಸುತ್ತದೆ, ತಂತಿ ಕರಕರ ಅನ್ನಲು ಶುರುವಿಡುತ್ತದೆ. ಲಿವರ್ ಬಳಿಯ ರಬ್ಬರ್ ಟೋಪಿಯನ್ನು ಮರೆಯದೆ ಹಾಕಿಸಿ. ಒಳಗೆ ಪ್ಲಾಸ್ಟಿಕ್ ಪದರ ಇರುವ ಔಟರ್‌ಗೆ ದಪ್ಪ ಗ್ರೀಸ್ ತುಂಬಬೇಡಿ, ತೆಳು ಎಣ್ಣೆ ಸಾಕು.

ಡಿಸ್ಕ್ ಬ್ರೇಕಿನವರದ್ದು ಬೇರೆಯೇ ಪುರಾಣ. ಬ್ರೇಕ್ ಆಯಿಲ್ ಹರಿಯುವ ಕೊಳವೆ, ಅಂದರೆ ಹೋಸ್, ಎಳೆದರೆ ಹಿಗ್ಗುವುದಿಲ್ಲ, ಉದ್ದದ್ದನ್ನೇ ತರಬೇಕು. ತುದಿಯ ಬೋಲ್ಟಿಗೆ ಎರಡು ಹೊಸ ತಾಮ್ರದ ವಾಷರ್, ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ನಮೂನೆಯದೇ ಆಯಿಲ್, ಗಾಳಿ ಪೂರ್ತಿ ತೆಗೆಸುವುದು, ಇಷ್ಟಕ್ಕೂ ಕೈ ಪಳಗಿದವರೇ ಬೇಕು. ಸ್ವಿಚ್ಚಿನ ವೈರುಗಳನ್ನೂ ನೋಡಿ. ಅವನ್ನು ಜಗ್ಗಿ ಸೇರಿಸಿ ಟೇಪು ಸುತ್ತಿದ ಗಾಡಿಗಳು ಮಳೆಗಾಲದಲ್ಲಿ ಎಡಕ್ಕೆ ತಿರುಗಿದಾಗಲೆಲ್ಲ ತಾವಾಗಿ ಹಾರ್ನ್ ಹೊಡೆಯುವುದುಂಟು. ಘಾಟಿಯಲ್ಲಿ ಅದರಿಂದ ಲಾಭವೂ ಇದೆ ಅನ್ನಿ.

ಎಲ್ಲ ಕೂರಿಸಿದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಶುರು ಮಾಡಿ, ಹ್ಯಾಂಡಲನ್ನು ನಿಧಾನಕ್ಕೆ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಸದ್ದು ಒಂದು ಚೂರು ಏರಿದರೂ ಗಾಡಿ ಹೊರಡಿಸಬೇಡಿ.

ಮತ್ತೆ, ಮಾಡಿಸುವಾಗ ಎರಡೆರಡು ಮಾಡಿಸಿ ಒಂದನ್ನು ಸೀಟಿನ ಕೆಳಗಿಡಿ. ಮಾಸ್ತಿಕಟ್ಟೆ ಹತ್ತಿರ ಕ್ಲಚ್ ವೈರ್ ಕಡಿದರೆ ಅಂಗಡಿಯಲ್ಲಿ ಸಿಗುವುದು ಕಂಪನಿ ಅಳತೆಯದ್ದು. ಅದು ಸರಿಹೋಗಬೇಕಾದರೆ ಹಳೇ ಹ್ಯಾಂಡಲ್ ಬೇಕು. ಹಳೇ ಹ್ಯಾಂಡಲ್ಲೋ, ಮನೆಯ ಅಟ್ಟದಲ್ಲಿ ಮೊಗೆಕಾಯಿ ತೂಗುಹಾಕುವ ಕೆಲಸಕ್ಕೆ ಆಗಲೇ ಸೇರಿಕೊಂಡಿರುತ್ತದೆ.