ಉಗ್ಗುವ ಮಕ್ಕಳಿಗೆ ಶಾಲೆಯಲ್ಲೇ ಗುಂಪು ಥೆರಪಿ ಬೇಕು

ಉಗ್ಗುವ ಮಗುವಿಗೆ ಶಾಲೆಯಲ್ಲಿ ಹಾಜರಿ ಕರೆಯುವ ಹೊತ್ತೇ ದಿನದ ದೊಡ್ಡ ಗಂಡಾಂತರ. ಬೇರೆ ಮಾತಾದರೆ ಪದ ಬದಲಿಸಿ ಹೇಗೋ ದಾಟಬಹುದು. "ಪ್ರೆಸೆಂಟ್ ಟೀಚರ್" ಅನ್ನುವುದನ್ನಾಗಲಿ, ಸ್ವಂತ ಹೆಸರನ್ನಾಗಲಿ ಬದಲಿಸಲು ಆಗಲ್ಲ ಅಲ್ವಾ?

ಮುಂಬಯಿ ಹತ್ತಿರ ಡೊಂಬಿವಲಿಯಲ್ಲಿರುವ ನಮ್ಮಕ್ಕನ ಮಗ ಐದನೇ ಕ್ಲಾಸು. ಮಾತಿನ ತೊಂದರೆಗೆ ತರಬೇತಿ ಕೊಡುವ ಥೆರಪಿಸ್ಟ್ ಎದುರು ಸಲೀಸಾಗಿ ಮಾತಾಡುತ್ತಾನೆ. ಹಗುರವಾಗಿ ಉಸಿರು ಬಿಟ್ಟು ಪದ ಶುರು ಮಾಡುವುದು, ಸಿಕ್ಕಿಕೊಂಡರೆ ಒತ್ತದೆ ಮೆಲ್ಲಗೆ ಬಿಡಿಸಿಕೊಳ್ಳುವುದು, ಎಲ್ಲ ಬರುತ್ತದೆ. ಕ್ಲಾಸಿನಲ್ಲಿ ಎಲ್ಲರೂ ತಿರುಗಿ ನೋಡಿದರೆ ಸಾಕು, ಗಂಟಲು ಕಟ್ಟುತ್ತದೆ. ಹತ್ತು ಜನರ ಮುಂದೆ ಮಾತಾಡುವುದನ್ನು ಜನರ ಮಧ್ಯೆಯೇ ಕಲಿಯಬೇಕು.

ಈಗ ಆ ಥೆರಪಿಸ್ಟೇ ಶನಿವಾರ ನಾಲ್ಕು ಮಕ್ಕಳನ್ನು ಒಟ್ಟಿಗೆ ಕೂರಿಸುತ್ತಾರೆ. ಒಮ್ಮೆ ನಾನೂ ಹೋಗಿದ್ದೆ. ಅವತ್ತಿನ ಪಾಠ, ಉಗ್ಗಿನ ಭಯ ಹೋಗಲಿ ಅಂತ ಬೇಕಂತಲೇ ಉಗ್ಗುವುದು! ಒಬ್ಬಳು ಹುಡುಗಿ ಕೆಳಗಿನ ಗಾಡಿಗೆ ಹೋಗಿ, ಗಾಡಿಯವನ ಮುಖ ನೋಡುತ್ತಲೇ "ವ... ವ... ವಡಾಪಾವ್ ದ್ಯಾ" ಅಂದಳು. ಅವನು "ತಿಖಟ್?" (ಖಾರ ಬೇಕಾ?) ಅಂತ ಕೇಳಿ ಕಟ್ಟಿಕೊಟ್ಟ, ಅಷ್ಟೇ. ಉಳಿದ ಮೂವರೂ ನಾನು ನಾನು ಅಂತ ಎದ್ದರು. ವಾಪಸು ಬರುವಾಗ ನಮ್ಮ ಹುಡುಗ, "ಚಿಕ್ಕಮ್ಮ, ಅವಳಿಗೂ ನನ್ನ ಹಾಗೇ ಆಗುತ್ತೆ" ಅಂದ. ತನ್ನ ಹಾಗೆ ಮಾತಾಡುವ ಇನ್ನೊಂದು ಮಗುವನ್ನು ಅವನು ಅಲ್ಲಿವರೆಗೆ ನೋಡಿಯೇ ಇರಲಿಲ್ಲ.

ಮನೆಯಲ್ಲಿ ತುಳು, ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ಹಿಂದಿ, ಭಾಷೆ ಜಾಸ್ತಿಯಾಗಿ ಹೀಗಾಯ್ತು ಅನ್ನುವವರು ನಮ್ಮಲ್ಲಿ ತುಂಬಾ ಇದ್ದಾರೆ. ಅದು ಸುಳ್ಳು. ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ, ವಂಶದಲ್ಲೂ ಬರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಆಮೇಲೆ ಹೋಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಉಗ್ಗು ಉಳಿದ ಮಕ್ಕಳ ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದು ಸಾಕು.

ಬಾಂದ್ರಾದಲ್ಲಿ ಮಾತು, ಕಿವಿಯ ತೊಂದರೆಗಳಿಗಾಗಿ ಇರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ 1983ರಿಂದ ಇದೆ. ಅಲ್ಲಿ ಓದಿ ಥೆರಪಿಸ್ಟ್‌ಗಳೂ ಹೊರಬರುತ್ತಾರೆ. ಆದರೆ ಸ್ಕೂಲು ತಪ್ಪಿಸಿ, ಅಪ್ಪ ಹೋಟೆಲ್ ಕೆಲಸಕ್ಕೆ ರಜೆ ಹಾಕಿ, ದಾದರಿನಲ್ಲಿ ಟ್ರೇನು ಬದಲಿಸಿ ಎಷ್ಟು ವಾರ ಹೋಗಲು ಆಗುತ್ತದೆ? ಥೆರಪಿಸ್ಟೇ ಶಾಲೆಗೆ ಬರಲಿ. ನೂರಕ್ಕೆ ಒಬ್ಬರು ಅಂದರೂ ಸಾವಿರ ಮಕ್ಕಳ ಶಾಲೆಯಲ್ಲಿ ಹತ್ತು ಮಂದಿ ಆದರು. ಒಬ್ಬೊಬ್ಬರೂ ಬೇರೆ ಬೇರೆ ಕ್ಲಾಸಿನಲ್ಲಿ ಬಾಯಿ ಮುಚ್ಚಿ ಕೂತಿದ್ದಾರೆ. ಅವರನ್ನು ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಸೇರಿಸಿ. ಕ್ಲಾಸ್ ಟೀಚರ್ ಕೂಡ ಆಗಾಗ ಅಲ್ಲಿ ಕೂರಲಿ. "ನಿಧಾನ ಮಾತಾಡು" ಅನ್ನುವುದು, ಮಗುವಿನ ಮಾತನ್ನು ತಾವೇ ಮುಗಿಸುವುದು ನಿಲ್ಲಬೇಕಾದರೆ ಅವರೂ ಇದನ್ನು ನೋಡಬೇಕು.

ಬರುವ ವಾರ ಪಾಲಕರ ಸಭೆ ಇದೆ. ಅಕ್ಕನ ಜೊತೆ ಹೋಗಿ ನಾನು ಇದನ್ನೇ ಕೇಳುತ್ತೇನೆ. ನಿಮ್ಮ ಮಕ್ಕಳ ಶಾಲೆಯಲ್ಲಿ ನೀವೂ ಕೇಳಿ.