ಬಾನೆಟ್ ಯಾಕೆ ಬಿಸಿ ಇದೆ?

ಸೆಕೆಂಡ್ ಹ್ಯಾಂಡ್ ಕಾರ್ ನೋಡೋಕೆ ನಾವು ಹೋಗೋ ಹೊತ್ತಿಗೆ ಅದನ್ನ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರೋ ಓನರ್‌ಗಳನ್ನ ಕಂಡ್ರೆ ನನಗೆ ಮೈಯೆಲ್ಲಾ ಉರಿಯುತ್ತೆ. ಫೋನಲ್ಲೇ ಹೇಳಿರ್ತೀನಿ, ದಯವಿಟ್ಟು ಎಂಜಿನ್ ಮುಟ್ಟಬೇಡಿ, ಬಂದು ನಾವೇ ಸ್ಟಾರ್ಟ್ ಮಾಡಿ ನೋಡ್ತೀವಿ ಅಂತ. ಹೂಂ ಹೂಂ ಅಂದಿರ್ತಾರೆ. ಹೋಗಿ ಬಾನೆಟ್ ಮೇಲೆ ಕೈ ಇಟ್ರೆ ಕಾದ ಹೆಂಚು. "ಈಗ್ತಾನೆ ವಾಶ್ ಮಾಡಿಸ್ಕೊಂಡು ಬಂದೆ ಸಾರ್, ನೀವು ಬರ್ತೀರಲ್ಲಾ ಅಂತ." ಏನು ಉಪಚಾರ! ಒಂದು ಸಲ ಕಾದ ಎಂಜಿನ್ ಯಾರ ಮುಂದೆ ಬೇಕಾದ್ರೂ ಮರ್ಯಾದಸ್ಥರ ಥರಾನೇ ಇರುತ್ತೆ, ರಾತ್ರಿಯೆಲ್ಲಾ ನಿಂತು ಬೆಳಿಗ್ಗೆ ಕೀ ತಿರುಗಿಸ್ದಾಗ ಬರೋ ಕಟಕಟ ಸದ್ದು, ಆಯಿಲ್ ಸುಡ್ತಿದ್ರೆ ಹಿಂದಿಂದ ಏಳೋ ನೀಲಿ ಹೊಗೆ, ಇವೆಲ್ಲಾ ಆ ಮೊದಲ ಒಂದೆರಡು ನಿಮಿಷದಲ್ಲೇ ಗೊತ್ತಾಗ್ಬೇಕು, ಆ ಎರಡು ನಿಮಿಷಾನೇ ಪುಣ್ಯಾತ್ಮ ತೊಳೆದು ಬಂದಿರ್ತಾನೆ.

ಸೆಕೆಂಡ್ ಹ್ಯಾಂಡ್ ಕಾರು ಒಳ್ಳೇದೂ ಇರ್ಬೇಕು, ರೇಟೂ ಕಮ್ಮಿ ಇರ್ಬೇಕು ಅಂದ್ರೆ ಹೇಗೆ ಹುಡುಕೋದು ಅನ್ನೋದನ್ನ ಹೇಳೋಣ ಅಂತಾನೇ ಬರೆಯೋಕೆ ಕೂತಿದ್ದು. ಆದ್ರೆ ಅದಕ್ಕೆ ಮುಂಚೆ ನಮ್ಮ ಭಾವನ ವಿಷಯ ಹೇಳ್ಬೇಕು.

ಕಾರ್ ನೋಡೋಕೆ ಭಾವನ್ನ ಕರ್ಕೊಂಡು ಹೋದ್ರೆ ಅವರು ಕಾರ್ ನೋಡೋದಿಲ್ಲ, ತಾರೀಕು ನೋಡ್ತಾರೆ. ಮೊದಲು ಟೈರು. ಟೈರ್ ಪಕ್ಕದಲ್ಲಿ ಒಂದು ಉದ್ದನೆ ಗೂಡಿನೊಳಗೆ ನಾಲ್ಕು ಅಂಕಿ ಇರುತ್ತಲ್ಲ, 3619 ಅಂತಿದ್ರೆ 2019ರ 36ನೇ ವಾರದಲ್ಲಿ ಮಾಡಿದ್ದು ಅಂತ ಲೆಕ್ಕ. ಕೆಲವು ಸಲ ಆ ನಂಬರ್ ಹೊರಗಡೆ ಕಾಣೋದೇ ಇಲ್ಲ, ಚಕ್ರದ ಒಳಮುಖದಲ್ಲಿರುತ್ತೆ, ಆಗ ನಮ್ಮ ಭಾವ ಇಸ್ತ್ರಿ ಪ್ಯಾಂಟಲ್ಲೇ ನೆಲದ ಮೇಲೆ ಮಲಗಿ ಮೊಬೈಲ್ ಟಾರ್ಚ್ ಹಾಕ್ಕೊಂಡು ಕಾರಿನ ಕೆಳಗೆ ತಲೆ ತೂರಿಸ್ತಾರೆ. ಅಲ್ಲಿಂದಾನೇ ಕೂಗ್ತಾರೆ, "ಬರ್ಕೋಳೋ!" ನಾನು ಬರ್ಕೊಳ್ತೀನಿ. ಆಮೇಲೆ ಗಾಜು. ಒಂದೊಂದು ಗಾಜಿನ ಮೂಲೇಲೂ ಅದು ಯಾವಾಗ ತಯಾರಾಯ್ತು ಅನ್ನೋ ಗುರುತು ಇರುತ್ತೆ, ಎಲ್ಲಾ ಗಾಜೂ ಒಂದೇ ಕಾಲದ್ದಾಗಿ ಎಡಗಡೆ ಹಿಂದಿನ ಬಾಗಿಲಿಂದು ಮಾತ್ರ ಮೂರು ವರ್ಷ ಚಿಕ್ಕದಾಗಿದ್ರೆ ಆ ಕಡೆ ಏನೋ ಆಗಿದೆ. ಆಮೇಲೆ ಸೀಟ್ ಬೆಲ್ಟ್. ಅದನ್ನ ಸರ್ರ್ ಅಂತ ಕೊನೇವರೆಗೂ ಎಳೀತಾರೆ, ಬುಡದಲ್ಲಿರೋ ಲೇಬಲ್ ಓದ್ತಾರೆ, ಜೊತೆಗೆ ಬೆಲ್ಟಿನ ಮೇಲೆ ಅಡ್ಡಕ್ಕೆ ಕೆಸರಿನ ಗೆರೆ ಇದೆಯಾ ಅಂತ ನೋಡ್ತಾರೆ. ನೀರಲ್ಲಿ ಮುಳುಗಿದ ಕಾರಿನ ಸೀಟು, ಮ್ಯಾಟು ಎಲ್ಲಾ ಬದಲಾಯಿಸಿರ್ತಾರೆ, ಸುತ್ಕೊಂಡು ಒಳಗಿರೋ ಬೆಲ್ಟ್ ಎಳೆದು ತೊಳೆಯೋ ತಾಳ್ಮೆ ಯಾರಿಗೂ ಇರಲ್ಲ.

ಇಲ್ಲೀವರೆಗೆ ಸರಿ. ಆದ್ರೆ ಇದು ಚಟ ಆಗೋಯ್ತು. ಆಸ್ಪತ್ರೇಲಿ ಯಾರನ್ನೋ ನೋಡೋಕೆ ಹೋಗಿದ್ವಿ, ಒಳಗೆ ಬರೋದೇ ಇಲ್ಲ ಈ ಮನುಷ್ಯ, ಪಾರ್ಕಿಂಗಲ್ಲಿ ಗೊತ್ತಿಲ್ಲದೋರ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರ್ ಓದ್ತಿದ್ದಾರೆ. ಆ ಕಾರಿನೋರು ಗಾಬರಿಯಾಗಿ ಓಡಿ ಬಂದ್ರು, ಗಾಳಿ ತೆಗೀತಿದ್ದಾರೆ ಅಂದ್ಕೊಂಡ್ರೋ ಏನೋ. ಭಾವ ಎದ್ದು ಮಂಡಿ ಒರೆಸ್ಕೊಂಡು ಬಹಳ ಕನಿಕರದಿಂದ ಹೇಳಿದ್ರು, "ಹಿಂದಿನ ಎರಡೂ ಹತ್ತು ವರ್ಷದ್ದು ರೀ, ಟೈರಿನ ಬಟನ್ ಚೆನ್ನಾಗಿದೆ ಅಂತ ನಂಬ್ಕೋಬೇಡಿ, ರಬ್ಬರ್ ಸತ್ತಿದೆ." ಆಸ್ಪತ್ರೆ ಬಾಗಿಲಲ್ಲಿ ಆಡೋ ಮಾತಾ ಅದು? ಆಯಪ್ಪ ಪಾಪ ಥ್ಯಾಂಕ್ಸ್ ಬೇರೆ ಹೇಳಿ ಹೋದ್ರು.

ಹೀಗೆ ತಾರೀಕು ನೋಡೋದ್ರಲ್ಲಿ ಅರ್ಥ ಇಲ್ದೇ ಇಲ್ಲ. ಮೀಟರ್ ನಂಬೋ ಕಾಲ ಮುಗೀತು, ಡಿಜಿಟಲ್ ಮೀಟರಿನ ನಂಬರ್ ಇಳಿಸೋಕೆ ಒಂದು ಸಣ್ಣ ಡಬ್ಬಿ ಸಿಕ್ಕಿದ್ರೆ ಸಾಕಂತೆ. ಕಮ್ಮಿ ಓಡಿದೆ ಅಂತಾರೆ, ಬ್ರೇಕ್ ಪೆಡಲಿನ ರಬ್ಬರ್ ನೋಡಿದ್ರೆ ಹಲ್ಲು ಸವೆದು ನುಣ್ಣಗಾಗಿರುತ್ತೆ. ಇನ್ನೂ ಬುದ್ಧಿವಂತರು ಪೆಡಲಿಗೆ ಹೊಸ ರಬ್ಬರ್ ಹಾಕಿಸಿರ್ತಾರೆ, ಹಳೇ ಕಾರಲ್ಲಿ ಅದೊಂದೇ ಫಳಫಳ ಅಂತಿರುತ್ತೆ! ಎಂಜಿನ್‌ಗೆ ತೊಂದರೆ ಇದ್ರೆ ಮೀಟರ್ ಪಕ್ಕ ಹತ್ತೋ ಚೆಕ್ ಎಂಜಿನ್ ದೀಪದ್ದೂ ಅದೇ ಕಥೆ. ಕೀ ಆನ್ ಮಾಡ್ದಾಗ ಅದು ಹತ್ತಬೇಕು, ಸ್ಟಾರ್ಟ್ ಆದ್ಮೇಲೆ ಆರಬೇಕು. ಹತ್ತೋದೇ ಇಲ್ಲ ಅಂದ್ರೆ ಆ ದೀಪದ ಬಾಯಿ ಮುಚ್ಚಿಸಿರಬಹುದು. "ಅದೆಲ್ಲಾ ನನಗೆ ಗೊತ್ತಿಲ್ಲ ಸಾರ್, ನನ್ನ ಕಾರು ಯಾವತ್ತೂ ಕೈ ಕೊಟ್ಟಿಲ್ಲ" ಅಂತಾರೆ. ಕೊಡದಿದ್ರೆ ಯಾಕಪ್ಪ ಮಾರ್ತೀಯ?

ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞರು 1970ರಲ್ಲಿ ಇದರ ಮೇಲೇ ಒಂದು ಪ್ರಬಂಧ ಬರೆದ್ರು. ಕಾರ್ ಹೇಗಿದೆ ಅಂತ ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ, ಅದಕ್ಕೆ ಕೊಳ್ಳೋನು ಎಲ್ಲಾ ಕಾರಿಗೂ ಒಂದು ಸರಾಸರಿ ರೇಟು ಹೇಳ್ತಾನೆ, ಆ ರೇಟಿಗೆ ಒಳ್ಳೇ ಕಾರಿನೋರು ಮಾರಲ್ಲ ಅಂತ ಎದ್ದು ಹೋಗ್ತಾರೆ, ಕೊನೆಗೆ ಉಳಿಯೋದು ಡಬ್ಬಾಗಳೇ. ಮೊದಮೊದಲು ಪತ್ರಿಕೆಗಳು ಇದು ತೀರಾ ಕ್ಷುಲ್ಲಕ ವಿಷಯ ಅಂತ ವಾಪಸ್ ಕಳಿಸಿದ್ವಂತೆ. ಆ ಸಂಪಾದಕರೆಲ್ಲಾ ಹೊಸಾ ಕಾರೇ ತಗೊಳ್ತಿದ್ದೋರು ಅನ್ಸುತ್ತೆ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಬರಲಿ, ಸಂತೋಷ, ನಾವಿನ್ನೂ ಟೈರ್ ಕೆಳಗೇ ಮಲಗಿದ್ದೀವಿ.

ಒಂದೇ ಒಂದು ಕಡೆ ಮಾತ್ರ ಬಾನೆಟ್ ತಣ್ಣಗಿತ್ತು. ನಿವೃತ್ತರು, ಮಾತು ಕಮ್ಮಿ. ಆಯಿಲ್ ಬದಲಾಯಿಸಿದ ಪ್ರತಿಯೊಂದು ಬಿಲ್ಲನ್ನೂ ಫೈಲ್ ಮಾಡಿ, ಪಕ್ಕದಲ್ಲಿ ಪೆನ್ಸಿಲಲ್ಲಿ ಕಿಲೋಮೀಟರ್ ಬರೆದಿಟ್ಟಿದ್ರು. ಭಾವ ಎಳೆದ ಸೀಟ್ ಬೆಲ್ಟನ್ನ ಅವರೇ ಹಿಂದಿನಿಂದ ಬಂದು ನಿಧಾನಕ್ಕೆ ಒಳಗೆ ಬಿಟ್ರು, ಸೊಟ್ಟ ಸುತ್ಕೊಳ್ಳಬಾರದು ಅಂತ. ಗಾಜೆಲ್ಲಾ ಒಂದೇ ವರ್ಷದ್ದು, ಪೆಡಲ್ ಸವೆತಕ್ಕೂ ಮೀಟರಿಗೂ ತಾಳೆ ಆಗ್ತಿತ್ತು. ರೇಟ್ ಮಾತ್ರ ಬೇರೆಯವರೆಲ್ಲಾ ಹೇಳೋದಕ್ಕಿಂತ ಜಾಸ್ತಿ. ಸ್ವಲ್ಪ ನೋಡಿ ಸಾರ್ ಅಂದೆ. ನೋಡಿದೀನಿ ಅಂದ್ರು. ಕಾರನ್ನ ಇಷ್ಟು ಚೆನ್ನಾಗಿ ಇಟ್ಕೊಳ್ಳೋರು ಅದನ್ನ ಕಮ್ಮಿಗೆ ಕೊಡೋರೂ ಆಗಿರಲಿ ಅಂತ ಆಸೆ ಪಡೋದೇ ನಮ್ಮ ದುರಾಸೆ ಇರಬಹುದು, ಆದ್ರೂ ಸ್ವಲ್ಪ ಇಳಿಸಬಹುದಿತ್ತಪ್ಪಾ ಅಂತ ನನಗೆ ಈಗ್ಲೂ ಅನ್ಸುತ್ತೆ.

ಆಮೇಲೆ ಅವರು ಶುರು ಮಾಡಿದ್ರು. ದಿನಾ ಎಷ್ಟು ದೂರ ಓಡಿಸ್ತೀರಿ, ನೆರಳಲ್ಲಿ ನಿಲ್ಲಿಸ್ತೀರಾ, ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸೋ ಅಭ್ಯಾಸ ಇದೆಯಾ, ಈಗಿರೋ ಗಾಡಿಗೆ ಕೊನೇ ಸಲ ಆಯಿಲ್ ಯಾವಾಗ ಬದಲಾಯಿಸಿದ್ರಿ. ನಾನು ಭಾವನ ಮುಖ ನೋಡಿದೆ, ಭಾವ ಟೈರ್ ನೋಡ್ತಿದ್ರು. ಆಯ್ತು, ಯೋಚನೆ ಮಾಡಿ ಫೋನ್ ಮಾಡ್ತೀನಿ ಅಂದ್ರು ಅವರು. ಅಲ್ಲಾ ಸ್ವಾಮಿ, ಅದು ಕೊಳ್ಳೋರು ಹೇಳೋ ಡೈಲಾಗ್ ಅಲ್ವಾ?