ಪಾಂಬನ್ ಸೇತುವೆಗೆ 35 ವರ್ಷದ ಭರವಸೆ ಸಾಲದು, ಬ್ರಷ್ ಹಿಡಿದ ಗ್ಯಾಂಗ್ ಬೇಕು

ಮೈಸೂರು, ಮಂಡ್ಯದಿಂದ ರಾಮೇಶ್ವರಕ್ಕೆ ಹೋಗಿಬಂದವರೆಲ್ಲ ಕಡಲ ಮೇಲಿನ ಹೊಸ ಪಾಂಬನ್ ರೈಲು ಸೇತುವೆಯ ವಿಡಿಯೊ ಹಾಕುತ್ತಿದ್ದೀರಿ. 72.5 ಮೀಟರಿನ ಅಂಕಣ (ಎರಡು ಆಧಾರಗಳ ನಡುವಿನ ಭಾಗ) ಹಡಗಿಗೆ ದಾರಿ ಬಿಡಲು ನೇರ ಮೇಲೇರುವುದು ಹೆಮ್ಮೆಯ ನೋಟವೇ. ಆದರೆ ಆ ಉಕ್ಕನ್ನು ಕಾಯುತ್ತಿರುವುದು ಅರ್ಧ ಮಿಲಿಮೀಟರೂ ದಪ್ಪವಿಲ್ಲದ ಲೇಪ: ಸುಮಾರು 200 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸತು, ಅದರ ಮೇಲೆ 25 ಮೈಕ್ರಾನ್ ಎಪಾಕ್ಸಿ ಸೀಲರ್ (ರಂಧ್ರ ಮುಚ್ಚುವ ಪದರ), ಕೊನೆಗೆ 125 ಮೈಕ್ರಾನ್ ಪಾಲಿಸಿಲೋಕ್ಸೇನ್ ಬಣ್ಣ.

ಇದು ಒಳ್ಳೆಯ ಆಯ್ಕೆ, ಅನುಮಾನವಿಲ್ಲ. ಆದರೆ ಈ ಲೇಪದ ಬಗ್ಗೆ ಹೇಳುವ "35 ವರ್ಷ ನಿರ್ವಹಣೆ ಬೇಡ" ಎನ್ನುವ ಮಾತನ್ನು ನಂಬಿ ಕೂರಬಾರದು. ಲೆಕ್ಕ ನೋಡಿ. ಬರಿ ಉಕ್ಕು ನಮ್ಮ ಒಳನಾಡಿನ ಗಾಳಿಯಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 50 ಮೈಕ್ರಾನಿಗಿಂತ ಕಡಿಮೆ ಸವೆಯುತ್ತದೆ. ಗಾಳಿ ಎಷ್ಟು ತುಕ್ಕು ಹಿಡಿಸುತ್ತದೆ ಎಂದು ಅಳೆಯುವ ವರ್ಗಗಳಲ್ಲಿ, ಕಡಲ ಪಕ್ಕದ ಸಿ5ರಲ್ಲಿ ಅದು 80ರಿಂದ 200. ಸತು ಅಲ್ಲಿ ವರ್ಷಕ್ಕೆ 4ರಿಂದ 8 ಮೈಕ್ರಾನ್ ಹೋಗುತ್ತದೆ. ಅಲೆಯ ತುಂತುರು ಸದಾ ಬಡಿಯುವ, ಎಲ್ಲಕ್ಕಿಂತ ಕಠಿಣವಾದ ಸಿಎಕ್ಸ್ ವರ್ಗದಲ್ಲಿ 25ರವರೆಗೂ ಹೋಗಬಹುದು. ಅಂದರೆ ಮೇಲಿನ ಬಣ್ಣ ಕಿತ್ತುಹೋದ ಜಾಗದಲ್ಲಿ 200 ಮೈಕ್ರಾನ್ ಸತು ಎಂಟೇ ವರ್ಷಕ್ಕೆ ಮುಗಿದರೂ ಆಶ್ಚರ್ಯವಿಲ್ಲ.

ತುಕ್ಕು ಅಗಲವಾದ ನಯ ಮೈಯಲ್ಲಿ ಶುರುವಾಗುವುದು ಅಪರೂಪ. ಆಲೆಮನೆಯ ಜಿಂಕ್ ಶೀಟು ಕತ್ತರಿಸಿದ ಅಂಚಿನಲ್ಲಿ, ಮೊಳೆ ಹೊಡೆದ ತೂತಿನಲ್ಲಿ ಮೊದಲು ಕೆಂಪಾಗುವ ಹಾಗೆಯೇ ಇಲ್ಲೂ. ಚೂಪಾದ ಅಂಚಿನಿಂದ ಹಸಿ ಬಣ್ಣ ಹಿಂದೆ ಸರಿದು ಪದರ ತೆಳುವಾಗುತ್ತದೆ. ಅದಕ್ಕೇ ಅಂಚನ್ನು 2 ಮಿಲಿಮೀಟರ್ ತ್ರಿಜ್ಯಕ್ಕೆ ಉಜ್ಜಿ ದುಂಡಗೆ ಮಾಡಬೇಕು. ಅಂಚು, ವೆಲ್ಡಿಂಗ್, ಬೋಲ್ಟ್ ತಲೆಗಳಿಗೆ ಸ್ಪ್ರೇಗೆ ಮೊದಲು ಬ್ರಷ್ಷಿನಲ್ಲೇ ಒಂದು ಕೈ ಬಳಿಯಬೇಕು. ಫ್ಯಾಕ್ಟರಿ ಶೆಡ್ಡಿನಲ್ಲಿ ಬಂದ ಗುಣಮಟ್ಟ, ಸೈಟಿನಲ್ಲಿ ಉಪ್ಪುಗಾಳಿಯ ನಡುವೆ ಮಾಡಿದ ಜೋಡಣೆಗೆ ಸುಲಭವಾಗಿ ಬರುವುದಿಲ್ಲ.

ತುಕ್ಕು ಹಿಡಿಯುವ ಇನ್ನೊಂದು ಜಾಗ ಗರ್ಡರಿನ (ಸೇತುವೆಯ ಉಕ್ಕಿನ ತೊಲೆ) ತಳಭಾಗ. ಬಿಸಿಲು, ಮಳೆ ಬೀಳುವ ಮೇಲ್ಮೈ ಹೆಚ್ಚು ಕೆಡುತ್ತದೆ ಅನ್ನಿಸುತ್ತದೆ, ಆದರೆ ಅಲ್ಲಿಯ ಉಪ್ಪನ್ನು ಮಳೆಯೇ ತೊಳೆಯುತ್ತದೆ. ತಳಭಾಗಕ್ಕೆ ಮಳೆ ತಾಗದು. ಉಪ್ಪು ಕೂತೇ ಇರುತ್ತದೆ, ರಾತ್ರಿಯ ತೇವ ಹೀರಿ ಗಂಟೆಗಟ್ಟಲೆ ಒದ್ದೆಯಾಗಿರುತ್ತದೆ. ಆ ಉಪ್ಪಿನ ಮೇಲೆಯೇ ಬಣ್ಣ ಬಳಿದರೆ ಉಪ್ಪು ಪದರದ ಮೂಲಕ ನೀರು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ದುಬಾರಿ ಬಣ್ಣ ತಂದರೂ ಇದು ತಪ್ಪುವುದಿಲ್ಲ.

ಹಾಗಾಗಿ ದುರಸ್ತಿಯ ಕ್ರಮ ಹಿಂದುಮುಂದಾಗಬಾರದು. ಮೊದಲು ಸಿಹಿನೀರಿನ ಪ್ರೆಷರ್ ವಾಷ್. ಬ್ಲಾಸ್ಟಿಂಗ್ (ಗ್ರಿಟ್ ಎಂಬ ಒರಟು ಕಣಗಳನ್ನು ರಭಸದಿಂದ ಚಿಮ್ಮಿಸಿ ಉಜ್ಜುವುದು) ಮೊದಲು ಮಾಡಿದರೆ ಗ್ರಿಟ್ ಉಪ್ಪನ್ನು ಗುಳಿಗಳೊಳಗೆ ಜಡಿಯುತ್ತದೆ. ಆಮೇಲೆ ಎಸ್‌ಎ 2½ ಮಟ್ಟಕ್ಕೆ, ಅಂದರೆ ಉಕ್ಕು ಬಹುಪಾಲು ಬೆಳ್ಳಗೆ ಸ್ವಚ್ಛವಾಗುವವರೆಗೆ, ಬ್ಲಾಸ್ಟಿಂಗ್, ಮತ್ತೆ ಉಪ್ಪಿನ ಪರೀಕ್ಷೆ. ಉಕ್ಕಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು, ತೇವಾಂಶ ಶೇ 85 ದಾಟಿರಬಾರದು. ಬ್ಲಾಸ್ಟಿಂಗ್ ಆದ ನಾಲ್ಕು ಗಂಟೆಯೊಳಗೆ, ಕಡಲಂಡೆಯಲ್ಲಾದರೆ ಇನ್ನೂ ಬೇಗ, ಸತು ಬೀಳಬೇಕು. ಸತುವಿನ ಪದರದಲ್ಲಿ ಸಣ್ಣ ರಂಧ್ರಗಳಿರುವುದರಿಂದ ಸೀಲರ್ ತಡವಾಗಬಾರದು. ಎತ್ತರದಲ್ಲಿ ಸತು ಸ್ಪ್ರೇ ಆಗದ ಕಡೆ ಸತು ತುಂಬಿದ ಎಪಾಕ್ಸಿ ಪ್ರೈಮರ್ ಬಳಸಬೇಕು. ಬರಿ ವೈರ್ ಬ್ರಷ್ ಉಜ್ಜಿ ಬೆಳ್ಳಿ ಬಣ್ಣ ಹೊಡೆಯುವುದು ದುರಸ್ತಿಯಲ್ಲ.

ಪಕ್ಕದ ಹಳೆ ಸೇತುವೆ 1914ರ ಫೆಬ್ರವರಿ 24ರಂದು ತೆರೆಯಿತು, 2022ರ ಡಿಸೆಂಬರಿನವರೆಗೆ ರೈಲು ಹೊತ್ತಿತು. ಕೆರೆದು ಬಣ್ಣ ಬಳಿಯುವ ಕೆಲಸ ನಿಲ್ಲದೆ ನಡೆದದ್ದರಿಂದಲೇ ಅದು ಅಷ್ಟು ಬಾಳಿತು. ಹೊಸದು ಉದ್ಘಾಟನೆಯಾದದ್ದು 2025ರ ಏಪ್ರಿಲ್ 6ರಂದು. ಅದಕ್ಕೂ ಮೊದಲೇ, 2024ರ ನವೆಂಬರಿನಲ್ಲಿ, ತುಕ್ಕು ಶುರುವಾಗಿದೆ ಎಂದು ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಎಚ್ಚರಿಸಿತ್ತು. ಇದಕ್ಕಿಂತ ಸ್ಪಷ್ಟ ಸೂಚನೆ ಇನ್ನೇನು ಬೇಕು?

ಸಿಹಿನೀರಿನ ಪೈಪು, ಗರ್ಡರ್ ಕೆಳಗೆ ಓಡಾಡುವ ಟ್ರಾಲಿ, ಪದರದ ದಪ್ಪ ಅಳೆಯುವ ಗೇಜ್, ಕಾಯಂ ಗ್ಯಾಂಗ್ ಇವಿಷ್ಟಕ್ಕೆ ಪ್ರತಿ ವರ್ಷ ಹಣ ತೆಗೆದಿಡಲಿ. ವರ್ಷಕ್ಕೆರಡು ಬಾರಿ ತಳಭಾಗ ತೊಳೆಯಲಿ. ಪ್ರತಿ ಅಂಕಣದ ಪದರದ ದಪ್ಪದ ಅಳತೆಯನ್ನು ರೈಲ್ವೆ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ.